ಕ್ಯಾಲೆಂಡರ್ ಹಾಳೆಯ ಅರಬ್ಬಿ

ಹಬ್ಬವಿರಲಿ, ಹರಿದಿನವಿರಲಿ, ಮೈಯಲ್ಲಿ ಜ್ವರವೇ ಇರಲಿ, ಗೋದಾಬಾಯಿ ಬಿಡದೆ ಮಾಡುವ ಕೆಲಸ ಒಂದಿದೆ. ಬೆಳಿಗ್ಗೆ ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿ, ತುಳಸಿಗೆ ನೀರೆರೆದು ಬಂದವರು ಕಾಫಿಗಿಂತ ಮೊದಲು ಗೋಡೆಯ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆಯನ್ನು ಹರಿಯುತ್ತಾರೆ. ರಾಹುಕಾಲ, ಯಮಗಂಡ, ಚಂದ್ರಾಷ್ಟಮ ಎಲ್ಲ ತಮಿಳಿನಲ್ಲಿ ಅಚ್ಚಾಗಿರುವ ಆ ಅಂಗೈಯಗಲದ ಹಾಳೆಯ ಬೆನ್ನು ಖಾಲಿ. ಹಿಂದಿನ ದಿನ ಕಿವಿಗೆ ಬಿದ್ದ ಒಂದು ಹೊಸ ಮಾತನ್ನು ಅದರ ಮೇಲೆ ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ. ಯಾವ ಭಾಷೆಯ ಮಾತಾದರೂ ಸರಿ. ಬರೆದು, ಎರಡು ಸಲ ಬಾಯಲ್ಲಿ ಆಡಿಸಿ, ಒಲೆಯ ಪಕ್ಕದಲ್ಲಿ ನೇತಾಡುವ ತಂತಿಗೆ ಚುಚ್ಚುತ್ತಾರೆ. ಹಿಂದೆ ಅಂಗಡಿಗಳಲ್ಲಿ ಬಿಲ್ಲು ಚುಚ್ಚಿಡುತ್ತಿದ್ದರಲ್ಲ, ಅಂಥ ತಂತಿ.

"ಗೋದೂ, ಇವತ್ತು ಯಾವ ಮಾತಿಗೆ ಶೂಲ?" ಎಂದು ಗಂಡ ಕಮಲಾಕರ ದಿನಾ ಕೇಳುತ್ತಾರೆ.

"ನೀವು ಸುಮ್ನೆ ಕಾಫಿ ಕುಡೀರಿ. ಆರಿ ಪೋಯಿಡುಂ," ಎಂದು ಇವರು ದಿನಾ ಹೇಳುತ್ತಾರೆ.

ಚೆನ್ನೈನ ತಿರುವಲ್ಲಿಕ್ಕೇಣಿಯ ಕೆರೆಬೀದಿಯ ಹಿಂದಿನ ಸಣ್ಣ ಮನೆಯಲ್ಲಿ ಇವರ ಸಂಸಾರ. ಹುಟ್ಟಿದ್ದೂ ಅದೇ ಪೇಟೆಯಲ್ಲಿ. ಮನೆಯಲ್ಲಿ ತಲೆತಲಾಂತರದಿಂದ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿಯೂ ತಮಿಳು. ಕನ್ನಡ ಅಕ್ಷರವನ್ನು ಯಾರೂ ಅವರಿಗೆ ಹೇಳಿಕೊಡಲಿಲ್ಲ. ಅಜ್ಜಿ ಬೆಳಗಾಗೆದ್ದು ದೇವರನಾಮ ಹಾಡುವಾಗ ಹುಡುಗಿ ಪಕ್ಕದಲ್ಲಿ ಕೂತು ಅಜ್ಜಿಯ ಹಳೆಯ ಹಾಡಿನ ಪುಸ್ತಕದ ಸಾಲುಗಳ ಮೇಲೆ ಬೆರಳು ಓಡಿಸುತ್ತಿದ್ದಳು. ಹಾಡು ಬಾಯಿಗೆ ಬರುತ್ತಿತ್ತು. 'ಕೃಷ್ಣ' ಎಂದು ಅಜ್ಜಿಯ ಬಾಯಿ ಹೇಳಿದಲ್ಲಿ ಪುಸ್ತಕದಲ್ಲಿ ಯಾವ ಗುರುತಿದೆ ಎಂದು ಹುಡುಕಿ ಹುಡುಕಿ ಅಕ್ಷರ ಕಲಿತಳು. ಗುರುವಿಲ್ಲದ ವಿದ್ಯೆ. ಜೀವಮಾನದಲ್ಲಿ ಆಮೇಲೆ ಕಲಿತದ್ದೆಲ್ಲವೂ ಹಾಗೆಯೇ, ಕೇಳಿ ಕೇಳಿ.

ಅರಬ್ಬಿಯೂ ಹಾಗೆಯೇ ಬಂತು. ಕಮಲಾಕರರಿಗೆ ಮಸ್ಕತ್ತಿನಲ್ಲಿ ಕಾರಿನ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದಾಗ ಗೋದಾಬಾಯಿ ಪೆಟ್ಟಿಗೆಯಲ್ಲಿ ಶಾಲಗ್ರಾಮದ ಸಂಪುಟವನ್ನೂ ತಮಿಳು ಕ್ಯಾಲೆಂಡರನ್ನೂ ಇಟ್ಟುಕೊಂಡು ಹೋದರು. ಪಕ್ಕದ ಮನೆಯ ಹೆಂಗಸರು ಸಂಜೆ ಅಂಗಳದಲ್ಲಿ ಚಾಪೆ ಹಾಸಿ ಕೂರುತ್ತಿದ್ದರು. ಇವರು ಹೋಗಿ ಒಂದು ಮೂಲೆಯಲ್ಲಿ ಕೂರುವುದು, ಕೇಳುವುದು. ಮೊದಲ ವರ್ಷ ಬರೀ ಕೇಳಿದರು. ಆಮೇಲೆ ದಿನಕ್ಕೊಂದು ಮಾತು ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಏರಿತು. ಊರಿಗೆ ಮರಳುವಷ್ಟರಲ್ಲಿ ಅಂಗಳದ ಅರಬ್ಬಿಯಷ್ಟೂ ಅವರ ಬಾಯಲ್ಲಿತ್ತು. ಓದಲು ಮಾತ್ರ ಒಂದಕ್ಷರವೂ ಬಾರದು. ಟೀವಿಯ ವಾರ್ತೆಯ ಅರಬ್ಬಿಯಾಗಲಿ, ಪುಸ್ತಕದ ಅರಬ್ಬಿಯಾಗಲಿ ಕೇಳಿದರೆ ಅರ್ಧವೂ ಅರ್ಥವಾಗದು.

ಚೆನ್ನೈಗೆ ಮರಳಿದ ಮೇಲೆ ಈ ಅರಬ್ಬಿಗೆ ಇನ್ನೇನು ಕೆಲಸ ಎಂದುಕೊಂಡಿದ್ದರು. ಆದರೆ ಗ್ರೀಮ್ಸ್ ರೋಡಿನ ಆಸುಪಾಸಿನ ಆಸ್ಪತ್ರೆಗಳಿಗೆ ಒಮಾನಿನಿಂದ, ಯೆಮೆನ್ನಿಂದ ಜನ ಬರುತ್ತಲೇ ಇರುತ್ತಾರೆ. ಒಂದು ದಿನ ಔಷಧದಂಗಡಿಯ ಮುಂದೆ ಕರಿಯ ಬುರ್ಖಾದ ಹೆಂಗಸೊಬ್ಬಳು ಕೈಸನ್ನೆ ಮಾಡಿ ಮಾಡಿ ಸೋತು ಕಣ್ಣೀರು ಹಾಕುತ್ತಿದ್ದಳು. ಗೋದಾಬಾಯಿ ಮೆಲ್ಲಗೆ ಹತ್ತಿರ ಹೋಗಿ, "ಏನ್ ಬೇಕಿತ್ತು ತಾಯಿ?" ಎಂದು ಅವಳ ಭಾಷೆಯಲ್ಲಿ ಕೇಳಿದರು. ಅವಳು ಇವರ ಕುಂಕುಮವನ್ನೂ ಒಂಬತ್ತು ಗಜದ ಸೀರೆಯನ್ನೂ ನೋಡಿ ಒಂದು ಗಳಿಗೆ ಬಾಯಿ ತೆರೆದೇ ನಿಂತಳು. ಅಂದಿನಿಂದ ಅಲ್ಲಿನ ವಸತಿಗೃಹದ ಮ್ಯಾನೇಜರ್ ವಿಶ್ವನಾಥ ಯಾವ ಅರಬ್ಬಿ ಹೆಂಗಸು ಒಂಟಿಯಾಗಿ ಬಂದರೂ ಇವರಿಗೆ ಫೋನು ಮಾಡುತ್ತಾನೆ.

ಝುವೈನಾ ಬಂದಾಗಲೂ ಹಾಗೆಯೇ ಫೋನು ಮಾಡಿದ. "ಮಾಮಿ, ಇವ್ರ ಕೇಸ್ ಒಂಥರಾ ವಿಚಿತ್ರ. ಗಂಡ ಮಾತಾಡ್ತಾರೆ, ಹೆಂಡ್ತಿ ಅಳ್ತಾರೆ. ಬಂದು ಪಾರುಂಗೊ."

ಝುವೈನಾಳ ಗಂಡ ಖಲ್ಫಾನ್ ನಿಜ್ವಾ ಊರಿನ ಶಾಲೆಯಲ್ಲಿ ಅರಬ್ಬಿ ಭಾಷೆಯ ಮೇಷ್ಟರಾಗಿದ್ದು ನಿವೃತ್ತರಾದವರು. ಎತ್ತರದ ಆಳು, ಬಿಳಿ ಗಡ್ಡ, ಮಡಿಕೆ ಕೆಡದ ಬಿಳಿ ಅಂಗಿ. ಊರಿನಲ್ಲಿಯೇ ಪಾರ್ಶ್ವವಾಯು ಬಡಿದು, ಬಲಗೈ ಸುಮಾರಾಗಿ ಚೇತರಿಸಿಕೊಂಡ ಮೇಲೆ, ಮಾತಿನ ಚಿಕಿತ್ಸೆಗೆಂದು ಇಲ್ಲಿಗೆ ಬಂದಿದ್ದರು. ಮಗ ಕರೆತಂದು ಬಿಟ್ಟು, ರಜೆ ಮುಗಿದು ಮರಳಿದ್ದ.

ಗೋದಾಬಾಯಿ ವಸತಿಗೃಹದ ಕೋಣೆಯೊಳಗೆ ಬಂದಾಗ ಮೇಷ್ಟರು ಗತ್ತಿನಿಂದ ತಲೆಯೆತ್ತಿ ಹೆಂಡತಿಗೆ ಏನೋ ಹೇಳಿದರು. ಇವರಿಗೆ ಒಂದು ಮಾತೂ ಹಿಡಿಯಲಿಲ್ಲ. ವಾರ್ತೆ ಓದಿದ ಹಾಗಿತ್ತು.

"ಏನಂದ್ರು?"

ಝುವೈನಾ ತಲೆ ಚಚ್ಚಿಕೊಂಡಳು. ಅವಳು ಬಿಡಿಸಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಿರುತ್ತದೆ: 'ಎಲೈ ಮಾನ್ಯ ಮಹಿಳೆಯೇ, ಗವಾಕ್ಷವನ್ನು ಮುಚ್ಚತಕ್ಕದ್ದು. ತರುವಾಯ ನನಗೆ ಜಲವನ್ನು ಒದಗಿಸತಕ್ಕದ್ದು.'

"ಕಿಟಕಿ ಮುಚ್ಚು, ನೀರ್ ಕೊಡು ಅಂತ ಅಷ್ಟೇ ಗೋದಾ! ನಲವತ್ತು ವರ್ಷ ನನ್ನನ್ನ 'ಏ ಬಾಲೆ, ಏ ಮರುಳೇ' ಅಂತ ಕರೆದ ಮನುಷ್ಯ. ಈಗ ಮಾನ್ಯ ಮಹಿಳೆಯಂತೆ! ಮನೆಮಾತು ಒಂದೂ ಬಾಯಿಗೆ ಬರಲ್ಲ. ನಾನು ಶಾಲೆಗೆ ಹೋದವಳಲ್ಲ. ನಾನಂದದ್ದು ಅವರಿಗೆ ತಿಳಿಯತ್ತೆ, ಅವರಂದದ್ದನ್ನ ನಾನು ವಾರ್ತೆ ಥರ ಕೇಳ್ಬೇಕು. ಊರಿಂದ ಗಂಡನ್ನ ಕರ್ಕೊಂಡು ಬಂದೆ. ವಾಪಸ್ಸು ರೇಡಿಯೋ ಹೊತ್ಕೊಂಡು ಹೋಗ್ಬೇಕೇನೋ."

ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ನಗುತ್ತಲೇ ಅತ್ತಳು. ಗೋದಾಬಾಯಿ ಅವಳ ಕೈ ಹಿಡಿದು ಅಳು ಮುಗಿಯುವವರೆಗೆ ಕೂತರು. ಅವರಿಗೆ ಗೊತ್ತಿದ್ದ ಉಪಚಾರ ಅದೇ.

ಮಾತಿನ ಚಿಕಿತ್ಸೆ ಕೊಡುತ್ತಿದ್ದವಳು ಅಕ್ಷಯಾ. ಮೈಲಾಪುರದ ಕನ್ನಡದವರ ಮನೆ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಚುರುಕಾದ ಕಣ್ಣು, ಕೆಲಸದಲ್ಲಿ ಭಕ್ತಿ. ಓದುವಾಗ ಮೆದುಳಿನಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ ಅವಳು ಸಂಶೋಧನೆಯನ್ನೂ ಮಾಡುತ್ತಿದ್ದಳು. ಮೇಷ್ಟರ ಕಥೆ ಕೇಳಿದ ಮೇಲೆ ಅವಳಿಗೆ ನಿದ್ದೆಯಿಲ್ಲ. ಹೀಗೇಕಾಯಿತು ಎಂದು ಖಚಿತವಾಗಿ ಹೇಳಲು ಯಾರಿಂದಲೂ ಆಗದು ಎಂದು ಮೊದಲೇ ಹೇಳಿಬಿಟ್ಟಳು. ಆದರೆ ಒಂದು ದಾರಿ ಇರಬಹುದು ಅನ್ನಿಸಿತ್ತು.

"ಮಾಮಿ, ಮೊದಲ್ಲ ಉಂಗಳುಕ್ಕೇ ಒರು ಟೆಸ್ಟ್," ಎಂದು ಗೋದಾಬಾಯಿಯನ್ನೇ ಕುರ್ಚಿಯಲ್ಲಿ ಕೂರಿಸಿದಳು. ತಲೆಗೆ ತಂತಿಗಳ ಟೊಪ್ಪಿಗೆ ಹಾಕಬೇಕಂತೆ.

"ಹೂವು ತೆಗೀಬೇಕೇನಮ್ಮ? ಶುಕ್ರವಾರ..."

"ಕೊಂಜ ನೇರಂದಾನ್ ಮಾಮಿ. ಆಮೇಲೆ ನಾನೇ ಮುಡ್ಸ್ತೀನಿ," ಎಂದು ಅಕ್ಷಯಾ ಕೊನೆಯ ಮಾತನ್ನಷ್ಟೇ ಕನ್ನಡದಲ್ಲಿ ಹೇಳಿ, ಮಲ್ಲಿಗೆಯ ತುಂಡನ್ನು ಜೋಪಾನವಾಗಿ ಮೇಜಿನ ಮೇಲಿಟ್ಟಳು.

ಪರದೆಯ ಮೇಲೆ ಕನ್ನಡ ಪದಗಳು ಒಂದೊಂದಾಗಿ ಬಂದವು. 'ತೆಗೆದುಕೊಂಡು' ಎಂದು ಬಂತು, ಗೋದಾಬಾಯಿಯ ಕಣ್ಣು ಅದರ ಮೇಲೆ ಹಾಯ್ದು ಹೋಯಿತು. ಆಮೇಲೆ 'ತಗೊಂಡು' ಬಂತು. ತುಟಿ ತಾನೇ ಅಲ್ಲಾಡಿತು.

"ಮಾಮಿ, ಉದಟ್ಟೆ ಅಸೈಕ್ಕಾದೀಂಗೊ!"

"ತುಟಿ ಅಲ್ಲಾಡಿಸದೆ ಹ್ಯಾಗಮ್ಮ ಓದ್ಲಿ? ನಮ್ಮಕ್ಕ ಉಡುಪಿಯಿಂದ ವಾಟ್ಸಾಪ್ ಮಾಡ್ತಾಳೆ, ಮಾತಾಡಿದ ಹಾಗೇ ಬರೀತಾಳೆ. ಹಾಡಿನ ಪುಸ್ತಕಾನ ನಾನು ಮನಸ್ನಲ್ಲೇ ಓದ್ಕೋತೀನಿ. ಅವಳ ಮೆಸೇಜನ್ನ ಮಾತ್ರ ಬಾಯ್ಬಿಟ್ಟು ಓದ್ಲೇಬೇಕು. ಇಲ್ದಿದ್ರೆ ಏನ್ ಬರೆದಿದ್ದಾಳೋ ತಿಳಿಯೋದೇ ಇಲ್ಲ. ನಮ್ಮನೆಯವರು, 'ನಿಮ್ಮಕ್ಕನ ಗುಟ್ಟೆಲ್ಲ ಬೀದಿಗೇ ಗೊತ್ತು' ಅಂತ ಹಾಸ್ಯ ಮಾಡ್ತಾರೆ."

ಅಕ್ಷಯಾ ಎರಡೂ ಕೈ ತಟ್ಟಿದಳು. "ಅದೇದಾನ್ ಮಾಮಿ! ಅದೇದಾನ್!"

ಆಮೇಲೆ ಅವಳು ತಮಿಳಿನಲ್ಲಿ ವಿವರಿಸಿದ್ದು ಇಷ್ಟು. ಪುಸ್ತಕದ ಮಾತನ್ನು ಕಣ್ಣು ಸಾವಿರ ಸಲ ನೋಡಿದೆ. ಮುಖ ನೋಡಿದ ಹಾಗೆ ಒಮ್ಮೆಲೇ ಗುರುತು ಹಿಡಿಯುತ್ತದೆ. ಮನೆಮಾತು ತೊಟ್ಟಿಲಿನಿಂದಲೂ ಕಿವಿಯ ಸೊತ್ತು, ಕಣ್ಣಿಗೆ ಅದರ ಪರಿಚಯವಿಲ್ಲ. ಅದನ್ನು ಬರೆದು ತೋರಿಸಿದರೆ ಅಕ್ಷರಕ್ಕೆ ಅಕ್ಷರ ಕೂಡಿಸಿ, ಒಳಗೊಳಗೇ ಸದ್ದು ಮಾಡಿ, ಆ ಸದ್ದನ್ನು ಕಿವಿ ಕೇಳಿಸಿಕೊಂಡ ಮೇಲೆಯೇ ಮನಸ್ಸಿಗೆ ಅರ್ಥ ಇಳಿಯುತ್ತದೆ. ಅರಬ್ಬಿ ಓದುವವರ ಮೇಲೆ ಬೇರೆ ದೇಶಗಳಲ್ಲಿ ಇಂಥ ಪರೀಕ್ಷೆ ಮಾಡಿದ್ದಾರಂತೆ. ದಿನವೂ ಆಡುವ ಮಾತನ್ನೇ ಬರೆದು ತೋರಿಸಿದರೆ ಓದಲು ತಡವಾಗುವುದನ್ನು ಕೆಲವರು ಕಂಡಿದ್ದಾರಂತೆ. ಈಗ ಮೊಬೈಲಿನಲ್ಲಿ ಆಡುಮಾತನ್ನೇ ಬರೆಯುವ ಹುಡುಗರ ಕಣ್ಣು ಅದಕ್ಕೂ ಪಳಗುತ್ತಿರಬಹುದು.

ಗೋದಾಬಾಯಿ ಅದನ್ನು ತಮ್ಮ ಮಾತಿಗೆ ಇಳಿಸಿದರು. "ಬಾಗಿಲಾಚೆ ಕೆಮ್ಮಿದ್ರೆ ಸಾಕು, ಇದು ನಮ್ಮ ಮಾವ ಅಂತ ಗೊತ್ತಾಗತ್ತೆ. ಅದೇ ಮಾವನ ಪಾಸ್‌ಪೋರ್ಟ್ ಫೋಟೋ ತೋರ್ಸಿದ್ರೆ, ಯಾರಪ್ಪಾ ಇವನು ಅಂತ ತಡಕಾಡ್ತೀವಲ್ಲ, ಹಾಗೆ."

"ಸೂಪರ್ ಮಾಮಿ!" ಎಂದು ಅಕ್ಷಯಾ ಅದನ್ನೂ ಬರೆದುಕೊಂಡಳು.

ಅವಳ ಯೋಜನೆ ಸರಳವಾಗಿತ್ತು. ಮೇಷ್ಟರ ಕಣ್ಣು ಚೆನ್ನಾಗಿದೆ, ಪತ್ರಿಕೆಯನ್ನು ಗಡಗಡನೆ ಓದುತ್ತಾರೆ. ಮನೆಮಾತನ್ನು ಅರಬ್ಬಿ ಅಕ್ಷರದಲ್ಲಿ ಬರೆದು ಕೊಟ್ಟರೆ ನಿಧಾನವಾಗಿ, ಸದ್ದು ಮಾಡಿ ಓದಲೇಬೇಕಾಗುತ್ತದೆ. ಆ ಸದ್ದು ಕಿವಿಯನ್ನು ಎಬ್ಬಿಸಿ, ಕಿವಿ ನಾಲಗೆಯನ್ನು ಎಬ್ಬಿಸಲಿ. ಮಗನಿಂದ ಪದಗಳನ್ನು ಬರೆಯಿಸಿ ತರಿಸಿ, ದೊಡ್ಡ ಅಕ್ಷರದಲ್ಲಿ ಕಾರ್ಡುಗಳನ್ನು ಮಾಡಿಸಿದಳು. ಒಲೆ, ಕಿಟಕಿ, ಚಪ್ಪಲಿ, ಫ್ಯಾನು, ನೀರು, ಎಲ್ಲವೂ ನಿಜ್ವಾದ ಅಂಗಳದಲ್ಲಿ ಆಡುವ ಮಾತಿನಲ್ಲಿ.

ಮೇಷ್ಟರು ಮೊದಲ ಕಾರ್ಡನ್ನು ನೋಡಿದರು. ಹುಬ್ಬು ಗಂಟಿಕ್ಕಿತು. ಅಕ್ಷರದ ಮೇಲೆ ಬೆರಳಿಟ್ಟು ತಡವರಿಸಿದರು. ಅಕ್ಷಯಾ ಮುಂದಕ್ಕೆ ಬಾಗಿದಳು. ಮೇಷ್ಟರು ಕೈ ಚಾಚಿ ಅವಳ ಜೇಬಿನ ಪೆನ್ನು ತೆಗೆದುಕೊಂಡು, ಕಾರ್ಡಿನ ಮೇಲಿನ ಪದವನ್ನು ಒಂದೇ ಗೀಟಿನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಪುಸ್ತಕದ ಪದವನ್ನು ಮುತ್ತಿನಂತೆ ಬರೆದರು. ಎರಡನೆಯ ಕಾರ್ಡಿಗೂ ಹಾಗೇ, ಮೂರನೆಯದಕ್ಕೂ ಹಾಗೇ. ಕೊನೆಯಲ್ಲಿ ಕಟ್ಟನ್ನೆಲ್ಲ ಜೋಡಿಸಿ, ಮೇಲೊಂದು ದೊಡ್ಡ ಸೊನ್ನೆ ಬರೆದು ಹಿಂದಕ್ಕೆ ಕೊಟ್ಟರು.

"ಸೊನ್ನೆ ಯಾರಿಗೆ?" ಎಂದಳು ಅಕ್ಷಯಾ.

ಝುವೈನಾ ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡು, "ನಮ್ಮ ಮಗನಿಗೆ. ಶಾಲೆಯಲ್ಲೂ ಇವರ ಕೈಲಿ ಅವನಿಗೆ ಸಿಗ್ತಿದ್ದದ್ದು ಅದೇ," ಎಂದಳು.

ಜೀವನವಿಡೀ ಆಡುಮಾತನ್ನು ಬರೆದ ಹುಡುಗರ ಕಿವಿ ಹಿಂಡಿದವರು ಅವರು. ಬರಹ ಎಂದರೆ ಪುಸ್ತಕದ ಭಾಷೆ. ಬೇರೆಯದು ಬರಹವೇ ಅಲ್ಲ, ತಪ್ಪು. ದಿನವೂ ಕಾರ್ಡು ಹೋಗುವುದು, ದಿನವೂ ಸೊನ್ನೆ ಹೊತ್ತು ಬರುವುದು. ಅಕ್ಷಯಾಳ ಮುಖ ಸಣ್ಣಗಾಯಿತು. ಝುವೈನಾಳ ವೀಸಾ ಮುಗಿಯುವ ಹೊತ್ತು ಹತ್ತಿರವಾಗುತ್ತಿತ್ತು. ಗೋದಾಬಾಯಿ ದೇವರ ಮುಂದೆ ಕೂತಾಗ ಅವರ ಜಪದ ಎಣಿಕೆ ತಪ್ಪುತ್ತಿತ್ತು. 'ಅವಳ ಗಂಡನನ್ನ ಅವಳಿಗೆ ವಾಪಸ್ಸು ಕೊಡಪ್ಪಾ. ನೀನಾದ್ರೆ ದಾಸರ ಬಾಯಲ್ಲಿ ಮನೆಮಾತಲ್ಲೇ ಬೈಸ್ಕೊಂಡವನು, ನಿನಗೆ ಅದರ ರುಚಿ ಗೊತ್ತು,' ಎಂದು ಬೇಡಿಕೊಂಡರು.

ಒಂದು ಮಧ್ಯಾಹ್ನ ವಸತಿಗೃಹದ ಕೋಣೆಯಲ್ಲಿ ಝುವೈನಾ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೇಷ್ಟರು ಕಿಟಕಿಯ ಬಳಿ ಪತ್ರಿಕೆ ಓದುತ್ತಿದ್ದರು. ತಲೆಯ ಮೇಲೆ ಫ್ಯಾನು ಕಿರುಗುಡುತ್ತಿತ್ತು. ಗೋದಾಬಾಯಿ ಅವಳನ್ನು ಹೇಗಾದರೂ ಎಬ್ಬಿಸಬೇಕೆಂದು ಚೀಲದಿಂದ ಒಂದು ಕಟ್ಟು ತೆಗೆದರು. ಮಸ್ಕತ್ತಿನ ಕಾಲದ ಕ್ಯಾಲೆಂಡರ್ ಹಾಳೆಗಳು. ಅಂಚು ಹಳದಿಯಾಗಿತ್ತು, ನಡುವೆ ತಂತಿಯ ತೂತು.

"ಝುವೈನಾ, ಇಲ್ನೋಡು. ನಾನು ನಿಮ್ಮ ಮಾತು ಕಲಿತ ಶಾಲೆ ಇದು. ಓದ್ಲಾ?"

"ಓದು. ನಗೋದೂ ಮರೆತುಹೋಗಿದೆ," ಎಂದು ಅವಳು ಈ ಕಡೆ ಹೊರಳಿದಳು.

ಗೋದಾಬಾಯಿ ಕನ್ನಡಕ ಏರಿಸಿ ಓದತೊಡಗಿದರು. ಮಸ್ಕತ್ತಿನ ಹೆಂಗಸರು ಒಲೆಗೆ, ಚಪ್ಪಲಿಗೆ, ಫ್ಯಾನಿಗೆ ಹೇಳುವ ಮಾತುಗಳಲ್ಲಿ ಎಷ್ಟೋ ಮಾತು ಹಡಗು ಹತ್ತಿ ಹಿಂದೂಸ್ತಾನದಿಂದಲೇ ಹೋದವು. ಕನ್ನಡ ಅಕ್ಷರದಲ್ಲಿ ಬರೆಯುವಾಗ ಅವರು ತಮಗೆ ಒಗ್ಗಿದ ಹಾಗೆ ಬರೆದುಕೊಂಡಿದ್ದರು. ಮೇಲೆ ನೋಡಿ, ತಿರುಗುವ ಫ್ಯಾನಿಗೆ ಬೆರಳು ತೋರಿಸಿ, ಶಾಲೆಯ ಹುಡುಗಿಯ ಹಾಗೆ ರಾಗವಾಗಿ ಓದಿದರು:

"ಪಂ...ಖಾ."

"ಬನ್ಕಾ!"

ಪತ್ರಿಕೆಯ ಹಿಂದಿನಿಂದ ಬಂತು ಗುಡುಗು. ಶಾಲೆಯ ಕೊನೆಯ ಬೆಂಚಿಗೂ ಕೇಳಿಸುವ ದನಿ.

ಝುವೈನಾ ಎದ್ದು ಕೂತಳು. ಅದು ಪುಸ್ತಕದ ಪದವಲ್ಲ, ಪುಸ್ತಕದವರು ಫ್ಯಾನಿಗೆ 'ಮಿರ್ವಹಾ' ಅನ್ನುತ್ತಾರೆ. ಇದು ಅಂಗಳದ ಮಾತು. ಕಾಯಿಲೆ ಬಿದ್ದಂದಿನಿಂದ ಮೇಷ್ಟರ ಬಾಯಿಂದ ಬಂದ ಮೊದಲ ಮನೆಮಾತು.

ಝುವೈನಾ ಕಣ್ಣಿನಲ್ಲೇ ಬೇಡಿಕೊಂಡಳು: ಮುಂದಕ್ಕೆ ಓದು, ನಿಲ್ಲಿಸಬೇಡ.

ಗೋದಾಬಾಯಿ ಇನ್ನೊಂದು ಹಾಳೆ ಓದಿದರು. "ದರ್ಸಾ."

ಪತ್ರಿಕೆ ಮಡಿಲಿಗೆ ಇಳಿಯಿತು. "ದರೀಶಾ! ದರೀ...ಶಾ!" ಎಂದು ಮೇಷ್ಟರು ಕಿಟಕಿಯ ಚೌಕಟ್ಟಿಗೆ ಬೆರಳಿನಿಂದ ಬಡಿದು ತೋರಿಸಿದರು. ಇಂಥ ದಡ್ಡ ವಿದ್ಯಾರ್ಥಿನಿ ಎಲ್ಲಿಂದ ಗಂಟುಬಿದ್ದಳೋ ಎಂಬ ಸಂಕಟ ಮುಖದಲ್ಲಿತ್ತು. ಆ ಸಂಕಟದಲ್ಲಿ ಎಂಥ ಜೀವ ಇತ್ತು! ಒಂದಾದ ಮೇಲೊಂದು ಹಾಳೆ ಓದಿದರು. ಗಂಟಲಿನಿಂದ ಬರಬೇಕಾದದ್ದು ಇವರ ಹಲ್ಲಿನಿಂದ ಬರುತ್ತಿತ್ತು, ಹಲ್ಲಿನಿಂದ ಬರಬೇಕಾದದ್ದು ಮೂಗಿನಿಂದ. ಮೇಷ್ಟರು ಒಂದನ್ನೂ ಬಿಡಲಿಲ್ಲ. ಪ್ರತಿಯೊಂದನ್ನೂ ತಿದ್ದಿದರು, ನಿಜ್ವಾದ ಅಂಗಳದಲ್ಲಿ ಹೇಗೆ ಹೇಳುತ್ತಾರೋ ಹಾಗೆ.

ಕಾರ್ಡಿನ ಮೇಲೆ ಬರೆದ ಮನೆಮಾತು ಅವರ ಕಣ್ಣಿಗೆ ತಪ್ಪು ಬರಹ. ಕಣ್ಣು ಅದನ್ನು ಪುಸ್ತಕದ ಕಡೆಗೆ ತಿದ್ದುತ್ತಿತ್ತು. ಕಿವಿಗೆ ಬಿದ್ದ ತಪ್ಪು ಮನೆಮಾತನ್ನು ಪುಸ್ತಕ ಏನು ತಿದ್ದೀತು? ಅದನ್ನು ತಿದ್ದಲು ಮನೆಯೇ ಬರಬೇಕು. ಮೇಷ್ಟರ ರಕ್ತದಲ್ಲಿದ್ದದ್ದು ಭಾಷೆಗಿಂತ ಹೆಚ್ಚಾಗಿ ತಿದ್ದುವ ಚಟ. ಅದು ಒಳಗೆ ಹೋಗಿ ಮನೆಯ ಬಾಗಿಲು ತಟ್ಟಿತ್ತು. ಮರುದಿನ ಅಕ್ಷಯಾ ಹೀಗೆಂದು ಬಿಡಿಸಿ ಹೇಳಿದಾಗ ಅವಳ ಕಣ್ಣು ತುಂಬಿತ್ತು. "ಮಾಮಿ, ನೀಂಗ ದಿನಾ ಬಂದು ತಪ್ಪು ತಪ್ಪಾ ಓದ್ಬೇಕು," ಎಂದಳು. ಭಾಷೆ ಬೆರೆತದ್ದು ಅವಳಿಗೆ ತಿಳಿಯಲೇ ಇಲ್ಲ.

ಮನೆಗೆ ಬಂದು ಹೇಳಿದಾಗ ಕಮಲಾಕರ ಕೋಯಂಬೇಡಿನಿಂದ ತಂದ ತರಕಾರಿ ಚೀಲ ಸುರಿಯುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂತೂ ನಿನ್ನ ಉಚ್ಚಾರಕ್ಕೂ ಒಂದು ಆಸ್ಪತ್ರೆ ಕೆಲಸ ಸಿಕ್ತು."

"ನಾಳೆಗೆ ಬೇಕು ಅಂತ್ಲೇ ಒಂದಷ್ಟು ತಪ್ಪು ಮಾಡ್ಕೊಂಡು ಹೋಗ್ಲೇನ್ರೀ? ಸುಳ್ಳಾಡಿದ ಹಾಗಾಗತ್ತೇನೋ ಅಂತ."

"ನೀನಾ? ಬೇಕು ಅಂತ ಮಾಡ್ಬೇಕಾ? ಬಾಯ್ಬಿಡು ಸಾಕು."

ಒಂದು ವಾರ ಕಳೆಯುವಷ್ಟರಲ್ಲಿ ಮೇಷ್ಟರ ತಾಳ್ಮೆ ಕೆಟ್ಟಿತು. ಗೋದಾಬಾಯಿಯ ಕೈಯಿಂದ ಹಾಳೆ ಕಸಿದು ನೋಡಿದರು. ದುಂಡು ದುಂಡಾದ ಕನ್ನಡ ಅಕ್ಷರ. ತಿರುಗಿಸಿ ನೋಡಿದರೆ ತಮಿಳು. ತಲೆಯಾಡಿಸಿ, ಪೆನ್ನಿಗೆ ಕೈ ಚಾಚಿದರು. ಈ ಹೆಂಗಸು ಹೀಗೆ ಕಂಡಕಂಡ ಹಾಗೆ ಬರೆದುಕೊಂಡರೆ ಸರಿಯಾಗುವುದು ಯಾವಾಗ? ಕನ್ನಡ ಅಕ್ಷರದ ಕೆಳಗೆ ಅರಬ್ಬಿ ಅಕ್ಷರದಲ್ಲಿ, ಅಡ್ಡ ಗೀಟು ಹೊಡೆಯದೆ, ಪುಸ್ತಕದ ಪದ ಪಕ್ಕಕ್ಕಿಡದೆ, 'ಬನ್ಕಾ' ಎಂದು ಬರೆದರು. ಜೀವಮಾನದಲ್ಲಿ ಮೊದಲ ಸಲ ಮನೆಮಾತನ್ನು ಬರೆದರು. ಬರೆದದ್ದನ್ನು ತಾವೇ ನೋಡಿದರು. ಕಣ್ಣಿಗೆ ಅದು ಹೊಸದು. ತುಟಿ ಮೆಲ್ಲಗೆ ಅಲ್ಲಾಡಿತು, ಅಕ್ಷರದಿಂದ ಅಕ್ಷರಕ್ಕೆ. ಥೇಟು ಅಕ್ಕನ ವಾಟ್ಸಾಪ್ ಓದುವ ಗೋದಾಬಾಯಿಯ ಹಾಗೆ. ಅಕ್ಷಯಾ ಬಾಗಿಲಲ್ಲೇ ನಿಂತು ಎರಡೂ ಕೈಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಆಮೇಲೆ ದಿನವೂ ಹಾಳೆಗಳು ತುಂಬಿದವು. ಅವರೇ ಬರೆದ ಕಾರಣ ಅವಕ್ಕೆ ಸೊನ್ನೆ ಬೀಳಲಿಲ್ಲ. ತಾವೇ ಬರೆದದ್ದನ್ನು ತಾವೇ ಸದ್ದು ಮಾಡಿ ಓದಿಕೊಳ್ಳುತ್ತ ಕೂರುತ್ತಿದ್ದರು. ಆದರೂ ಹೆಂಡತಿಯ ಜೊತೆ ಮಾತಿಗೆ ಕೂತರೆ 'ಮಾನ್ಯ ಮಹಿಳೆಯೇ' ತಪ್ಪಿರಲಿಲ್ಲ. ಹಾಳೆಯ ಮಾತು ಹಾಳೆಯಲ್ಲೇ ಉಳಿದಿತ್ತು.

ಹೊರಡುವ ವಾರ ಝುವೈನಾ ಸಮುದ್ರ ನೋಡಬೇಕೆಂದಳು. ಕಮಲಾಕರ ಟ್ಯಾಕ್ಸಿ ಹೇಳಿಸಿ ಎಲ್ಲರನ್ನೂ ಬೆಸೆಂಟ್ ನಗರದ ಕಡಲ ತೀರಕ್ಕೆ ಕರೆದುಕೊಂಡು ಹೋದರು. ಅಕ್ಷಯಾಳೂ ಬಂದಳು. ಸಂಜೆಯ ಗಾಳಿ, ಸುಟ್ಟ ಜೋಳದ ವಾಸನೆ, ಗಾಳಿಪಟ. ಝುವೈನಾ ಮರಳಿನ ಮೇಲೆ ಚಪ್ಪಲಿ ಬಿಟ್ಟು ಮಗುವಿನ ಹಾಗೆ ನೀರಿಗೆ ಓಡಿದಳು. ಬುರ್ಖಾದ ಅಂಚು ಮೊಣಕಾಲಿನವರೆಗೆ ಒದ್ದೆ. ಅಲೆಯೊಂದು ದೊಡ್ಡದಾಗಿ ಬಂದು ಮರಳನ್ನೆಲ್ಲ ಸವರಿ ಹಿಂದಕ್ಕೆ ಹೋಯಿತು. ಹೋಗುವಾಗ ಅವಳ ಒಂದು ಚಪ್ಪಲಿಯನ್ನೂ ಎತ್ತಿಕೊಂಡಿತು.

ಮೇಷ್ಟರು ಬೆಂಚಿನಿಂದ ಎದ್ದು ಕೋಲೂರಿ ಕೂಗಿದರು:

"ಏ ಮರುಳೇ! ಜೂತಿ ಹೋಯ್ತು, ಜೂತಿ! ಎಲ್ಲಿ ಬಿಡ್ಬೇಕು ಅಂತ ಬುದ್ಧಿ ಇಲ್ವೇನೇ ನಿಂಗೆ?"

ಝುವೈನಾ ನೀರಿನಲ್ಲೇ ಗಕ್ಕನೆ ನಿಂತಳು. ಚಪ್ಪಲಿ ತೇಲಿ ತೇಲಿ ದೂರ ಹೋಯಿತು. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ.

"ಇನ್ನೊಂದು ಸಲ ಬೈಯಿ," ಎಂದಳು.

"ಬೈಯ್ಯದೆ ಏನು? ಮುದುಕಿಯಾದ್ರೂ ಅಲೆಗೆ ಓಡ್ತಾಳೆ! ಬಾ ಈಚೆ, ಶೀತ ಆಗತ್ತೆ!"

ಅವಳು ಬರಲಿಲ್ಲ. ಅಲ್ಲೇ ನಿಂತು ಬೈಸಿಕೊಂಡಳು. ಬೈಸಿಕೊಳ್ಳುತ್ತ ನಗುತ್ತಿದ್ದಳು, ಕೆನ್ನೆಯ ಮೇಲೆ ಇಳಿದದ್ದು ಕಡಲ ನೀರೋ ಕಣ್ಣ ನೀರೋ ಯಾರು ನೋಡಿದರು? ಗೋದಾಬಾಯಿ ಸೆರಗಿನೊಳಗೆ ಕೈ ಜೋಡಿಸಿದರು. ಅಕ್ಷಯಾ ಅವರ ಭುಜಕ್ಕೆ ತಲೆಯಾನಿಸಿ, "ಮಾಮಿ, ನಂಗೆ ಖುಷಿ ಆಯ್ತಿದೆ," ಎಂದಳು.

"ಆಗ್ತಿದೆ," ಎಂದು ತಿದ್ದಿದರು ಗೋದಾಬಾಯಿ. ತಿದ್ದಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟರು.

ಮಾತು ಪೂರ್ತಿ ಬಂತೆಂದಲ್ಲ. ದಣಿದಾಗ ಮೇಷ್ಟರು ಈಗಲೂ ವಾರ್ತೆಗೆ ಜಾರುತ್ತಿದ್ದರು. ಊರಿಗೆ ಹೋದ ಮೇಲೂ ಈ ಅಭ್ಯಾಸ ಬಿಡಬಾರದು, ದಿನಕ್ಕಿಷ್ಟಾದರೂ ಯಾರನ್ನಾದರೂ ತಿದ್ದುತ್ತಿರಲಿ ಎಂದು ಅಕ್ಷಯಾ ಝುವೈನಾಗೆ ಎರಡೆರಡು ಸಲ ಹೇಳಿಸಿದ್ದಳು.

"ನನ್ನನ್ನ ತಿದ್ದೋಕೆ ಏನಿದೆ? ನಾನು ಸರಿಯಾಗೇ ಮಾತಾಡ್ತೀನಿ," ಎಂಬುದು ಝುವೈನಾಳ ಚಿಂತೆ.

ಹೊರಡುವ ದಿನ ಗೋದಾಬಾಯಿ ವಸತಿಗೃಹಕ್ಕೆ ಹೋದಾಗ ಪೆಟ್ಟಿಗೆಗಳು ಬಾಗಿಲಿಗೆ ಬಂದಿದ್ದವು. ಖರ್ಜೂರದ ಡಬ್ಬವೊಂದನ್ನು ಇವರ ಮಡಿಲಿಗೆ ಹಾಕಿದ್ದಾಯಿತು, ಅದನ್ನು ಇವರು ಕಣ್ಣಿಗೊತ್ತಿಕೊಂಡದ್ದೂ ಆಯಿತು. ಮೇಷ್ಟರು ಎದುರಿಗೆ ಕುರ್ಚಿ ಎಳೆದುಕೊಂಡು ಗಂಭೀರವಾಗಿ ಕೂತರು.

"ಗೋದಾ, ಕೇಳು. ನೀನು ನನಗೆ ದೊಡ್ಡ ಉಪಕಾರ ಮಾಡಿದ್ದೀಯ. ನಾನೂ ಒಂದು ಮಾಡ್ತೀನಿ. ದಿನಾ ಬೆಳಗಿನ ನಮಾಜು ಆದ ಮೇಲೆ ಫೋನಿನಲ್ಲಿ ನಿನಗೆ ಅರಬ್ಬಿ ಅಕ್ಷರ ಕಲಿಸ್ತೀನಿ. ಮೊದಲ ಅಕ್ಷರದಿಂದ ಶುರು. ಕೆಲವು ತಿಂಗಳಲ್ಲಿ ಪತ್ರಿಕೆ ಓದ್ತೀಯ. ಉಚ್ಚಾರ ಒಂದೂ ತಪ್ಪದ ಹಾಗೆ ಮಾಡ್ತೀನಿ. ಅದು ನನ್ನ ಜವಾಬ್ದಾರಿ."

ಗೋದಾಬಾಯಿಯ ಎದೆ ಒಮ್ಮೆ ತುಂಬಿ ಬಂತು. ಇಷ್ಟು ವಯಸ್ಸಾಯಿತು, 'ಕೂತುಕೋ, ನಾನು ನಿನಗೆ ಕಲಿಸುತ್ತೇನೆ' ಎಂದು ಒಬ್ಬರೂ ಅವರಿಗೆ ಹೇಳಿರಲಿಲ್ಲ. ಅಜ್ಜಿಯ ಹಾಡಿನ ಪುಸ್ತಕದ ಮೇಲೆ ಬೆರಳು ಓಡಿಸಿದ ಹುಡುಗಿ ಒಳಗೆ ಎದ್ದು ನಿಂತು ತಲೆಯಾಡಿಸಿಯೇಬಿಟ್ಟಳು. ಗುರು ತಾನಾಗಿ ಮನೆಬಾಗಿಲಿಗೆ ಬಂದಿದ್ದಾನೆ.

ಅವರು ಝುವೈನಾಳ ಕಡೆ ನೋಡಿದರು. ಅವಳು ಪೆಟ್ಟಿಗೆಯ ಮೇಲೆ ಕೂತು, ಹೊಸ ಚಪ್ಪಲಿಯ ಕಾಲನ್ನು ಅಲ್ಲಾಡಿಸುತ್ತ ಗಂಡನ ಮಾತನ್ನು ಕೇಳುತ್ತಿದ್ದಳು. ಅವರು ಏನು ಹೇಳುತ್ತಿದ್ದಾರೆಂದಲ್ಲ, ಹೇಗೆ ಹೇಳುತ್ತಿದ್ದಾರೆಂದು.

ಗೋದಾಬಾಯಿ ಕೈ ಮುಗಿದರು.

"ಬೇಡ ಉಸ್ತಾದ್. ನಾನು ಸರಿಯಾಗಿಬಿಟ್ರೆ ನೀವು ಯಾರನ್ನ ತಿದ್ತೀರಿ? ದಿನಾ ಬೆಳಿಗ್ಗೆ ನಾನೇ ಫೋನ್ ಮಾಡ್ತೀನಿ. ಒಂದು ಹಾಳೆ ಓದ್ತೀನಿ. ನೀವು ಬೈಯಿರಿ. ಪಾಠ ಮಾತ್ರ ಬೇಡ. ಮಾ ಅಬಗಾ."

"ಮಾ ಅಬ್‌ಘಾ!" ಎಂದು ಮೇಷ್ಟರು ಕುರ್ಚಿಯ ಕೈ ಬಡಿದರು. "ಗಂಟಲಿನಿಂದ ಬರಬೇಕು, ಗಂಟಲಿನಿಂದ! ಇನ್ನೊಮ್ಮೆ ಹೇಳು!"

ಗೋದಾಬಾಯಿ ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ, ಗಂಟಲನ್ನು ಸರಿಪಡಿಸಿಕೊಂಡು, ಬೇಡ ಎಂಬುದನ್ನು ಇನ್ನೊಮ್ಮೆ ಹೇಳಿದರು.